ಪಾಲ್ಮೆ ಹತ್ಯೆ ಪ್ರಕರಣ: ತನಿಖೆ ಕೈತಪ್ಪಿದ್ದು ಎಲ್ಲಿ?

(ತುಮಕೂರಿನಲ್ಲಿ ಎಲ್‌ಎಲ್‌ಬಿ ಓದುತ್ತಿರುವವರಿಗೆ, ಪಿಎಸ್‌ಐ ಪರೀಕ್ಷೆಗೆ ತಯಾರಾಗುತ್ತಿರುವವರಿಗೆ)

1986ರ ಫೆಬ್ರವರಿ 28ರ ರಾತ್ರಿ ಸ್ವೀಡನ್ ಪ್ರಧಾನಿ ಓಲೋಫ್ ಪಾಲ್ಮೆ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಸಿನಿಮಾ ನೋಡಿಕೊಂಡು ಹೆಂಡತಿ ಲಿಸ್ಬೆಟ್ ಜೊತೆ ನಡೆದೇ ಮನೆಗೆ ಹೊರಟಿದ್ದರು. ಅಂಗರಕ್ಷಕರನ್ನು ಅವರೇ ಕಳಿಸಿಬಿಟ್ಟಿದ್ದರು. 11.21ರ ಸುಮಾರಿಗೆ ಸ್ವಿಯಾವೇಗನ್ ರಸ್ತೆಯ ಮೂಲೆಯಲ್ಲಿ ಹಿಂದಿನಿಂದ ಬಂದವನೊಬ್ಬ ಎರಡು ಗುಂಡು ಹಾರಿಸಿದ. ಒಂದು ಪಾಲ್ಮೆಯವರ ಬೆನ್ನಿಗೆ ಹೊಕ್ಕಿತು, ಇನ್ನೊಂದು ಲಿಸ್ಬೆಟ್‌ರನ್ನು ಸವರಿಕೊಂಡು ಹೋಯಿತು. ಕೊಂದವನು ಪಕ್ಕದ ಗಲ್ಲಿಯ ಮೆಟ್ಟಿಲು ಹತ್ತಿ ಪರಾರಿಯಾದ.

ಕುರ್ದಿ ಸಂಘಟನೆಯ ಕೈವಾಡ, ದಕ್ಷಿಣ ಆಫ್ರಿಕಾದ ಸಂಚು ಇತ್ಯಾದಿ ವಾದಗಳನ್ನು ಒಂದು ಸಲ ಓದಿದರೆ ಸಾಕು. ಕೂತು ಓದಬೇಕಾದ್ದು ಮೊದಲ ಕೆಲವು ಗಂಟೆಗಳನ್ನು ಮತ್ತು ಗುರುತು ಪರೇಡನ್ನು (ಶಂಕಿತನನ್ನು ಬೇರೆಯವರ ಜೊತೆ ಸಾಲಿನಲ್ಲಿ ನಿಲ್ಲಿಸಿ, ಸಾಕ್ಷಿಯಿಂದ ಗುರುತಿಸಿಸುವುದು). ಪ್ರಕರಣ ಕೆಟ್ಟಿದ್ದು ಅಲ್ಲೇ.

ಸ್ಥಳ ರಕ್ಷಣೆ. ಪೊಲೀಸರು ಟೇಪ್ ಕಟ್ಟಿದ ಜಾಗ ತೀರಾ ಚಿಕ್ಕದಿತ್ತು. ಸ್ಥಳದಲ್ಲಿ ಖಾಲಿ ಕಾಟ್ರಿಡ್ಜ್ ಸಿಗಲಿಲ್ಲ. ರಿವಾಲ್ವರ್ ಆದರೆ ಖಾಲಿ ಕಾಟ್ರಿಡ್ಜ್ ಒಳಗೇ ಉಳಿಯುತ್ತದೆ, ಪಿಸ್ತೂಲಿನಂತೆ ಹೊರಗೆ ಹಾರುವುದಿಲ್ಲ. ಹಾಗಾಗಿ ಆಯುಧದ ಬಗ್ಗೆ ಮಾತಾಡಬಲ್ಲ ಸಾಕ್ಷ್ಯವೆಂದರೆ .357 ಮ್ಯಾಗ್ನಮ್‌ನ ಆ ಎರಡು ಗುಂಡುಗಳೇ. ಅವೆರಡೂ ಆಮೇಲೆ ಸಿಕ್ಕಿದ್ದು ದಾರಿಹೋಕರ ಕೈಗೆ! ಇಂಥ ಗುಂಡು ಮಹಜರಿನಲ್ಲಿ ಎಷ್ಟು ದುರ್ಬಲ ನೋಡಿ: ಅದು ಅಲ್ಲೇ ಬಿದ್ದಿತ್ತೇ, ಯಾರಾದರೂ ತಂದಿಟ್ಟರೇ ಎಂದು ಪ್ರತಿವಾದಿ ವಕೀಲರು ಕೇಳಿಯೇ ಕೇಳುತ್ತಾರೆ. ರಿವಾಲ್ವರ್ ಸಿಗಲೇ ಇಲ್ಲವಾದ್ದರಿಂದ ಗುಂಡಿನ ಮೇಲಿನ ಗೀರುಗಳನ್ನು ಹೋಲಿಸಿ ನೋಡಲೂ ಆಗಲಿಲ್ಲ.

ಇದನ್ನೇ ನಮ್ಮ ಟೌನ್ ಹಾಲ್ ಸರ್ಕಲ್‌ಗೆ ಅನ್ವಯಿಸಿ. ಶವದ ಸುತ್ತ ನಾಲ್ಕು ಕೋನ್ ಇಟ್ಟರೆ ಸಾಲದು. ಗುಂಡು ಹೋದ ದಿಕ್ಕಿನಲ್ಲಿ ಎದುರು ಫುಟ್‌ಪಾತ್ ಮತ್ತು ಚರಂಡಿಯ ತನಕ, ಆರೋಪಿ ಓಡಿದ ಗಲ್ಲಿಯ ಕೊನೆಯ ತನಕ ಮುಚ್ಚಬೇಕು. ಮೊದಲು ದೊಡ್ಡದಾಗಿ ಮುಚ್ಚಿ, ಆಮೇಲೆ ಕಿರಿದು ಮಾಡಿ. ತೆರೆದ ಜಾಗವನ್ನು ಮತ್ತೆ ಮುಚ್ಚಿ ಪ್ರಯೋಜನವಿಲ್ಲ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೊ ಮಾಡಿಸಬೇಕು ಎನ್ನುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಕಲಂ 176(3) ಅನ್ನು ಇಲ್ಲಿ ತಪ್ಪದೆ ಬರೆಯಿರಿ.

ಗುರುತು ಪರೇಡ್. 1988ರಲ್ಲಿ ಕ್ರಿಸ್ಟರ್ ಪೆಟರ್ಸನ್ ಎಂಬಾತನನ್ನು ಬಂಧಿಸಿ ಲಿಸ್ಬೆಟ್‌ರಿಗೆ ವಿಡಿಯೊದಲ್ಲಿ ಸಾಲು ತೋರಿಸಿದರು. ಶಂಕಿತ ವ್ಯಕ್ತಿ ಒಬ್ಬ ಕುಡುಕ ಎಂಬ ಮಾತು ಅದಕ್ಕೂ ಮೊದಲೇ ಅವರ ಕಿವಿಗೆ ಬಿದ್ದಿತ್ತು. ಸಾಲು ನೋಡಿದ ಕೂಡಲೇ ಕುಡುಕ ಯಾರೆಂದು ಗೊತ್ತಾಗುತ್ತದೆ ಎಂಬರ್ಥದ ಮಾತನ್ನು ಅವರೇ ಆಡಿದರು. ಆಮೇಲೆ ಎಂಟನೆಯವನನ್ನು, ಅಂದರೆ ಪೆಟರ್ಸನ್‌ನನ್ನೇ ಗುರುತಿಸಿದರು. ನೆನಪಿನಿಂದ ಗುರುತಿಸಿದರೋ, ಸುಳಿವಿನಿಂದಲೋ? 1989ರಲ್ಲಿ ಕೆಳ ನ್ಯಾಯಾಲಯ ಜೀವಾವಧಿ ವಿಧಿಸಿತು, ಅದೇ ವರ್ಷ ಮೇಲ್ಮನವಿ ನ್ಯಾಯಾಲಯ ಖುಲಾಸೆ ಮಾಡಿತು.

ನಮ್ಮಲ್ಲಿ ಇದಕ್ಕೆ ಬಿಎನ್‌ಎಸ್‌ಎಸ್ ಕಲಂ 54 ಇದೆ. ಬಂಧನದ ಕ್ಷಣದಿಂದಲೇ ಆರೋಪಿಯ ಮುಖ ಮುಚ್ಚಿರಬೇಕು. ಫೋಟೊ ಸಾಕ್ಷಿಯ ಕೈಗೆ ಹೋಗಬಾರದು. ಈಗ ವಾಟ್ಸ್ಆ್ಯಪ್‌ನಿಂದಲೇ ಎಷ್ಟೋ ಪರೇಡ್ ಕೆಡುತ್ತದೆ. ಸಾಲಿನಲ್ಲಿ ನಿಲ್ಲುವವರ ವಯಸ್ಸು, ಎತ್ತರ, ಮೈಕಟ್ಟು, ಬಟ್ಟೆ ಆರೋಪಿಗೆ ಹತ್ತಿರವಿರಲಿ. ಪರೇಡ್ ನಡೆಸುವವರು ಮ್ಯಾಜಿಸ್ಟ್ರೇಟ್; ತನಿಖಾಧಿಕಾರಿ ಅಲ್ಲಿ ನಿಲ್ಲಕೂಡದು. ಎಲ್ಲ ಸರಿಯಾಗಿ ನಡೆದರೂ ಪರೇಡ್ ಬರೀ ಪೂರಕ ಸಾಕ್ಷ್ಯ, ಮೂಲ ಸಾಕ್ಷ್ಯವೆಂದರೆ ಸಾಕ್ಷಿಕಟ್ಟೆಯಲ್ಲಿ ನಿಂತು ಗುರುತಿಸುವುದು. ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಈ ವ್ಯತ್ಯಾಸ ಬರೆಯದೆ.

2020ರ ಜೂನ್ 10ರಂದು ಪ್ರಾಸಿಕ್ಯೂಟರ್, ಸ್ಥಳದಲ್ಲಿದ್ದ ಸಾಕ್ಷಿಗಳಲ್ಲೇ ಒಬ್ಬನಾದ ಸ್ಟಿಗ್ ಎಂಗ್‌ಸ್ಟ್ರೋಮ್‌ನನ್ನು ಹೆಸರಿಸಿ ತನಿಖೆ ಮುಗಿಸಿದರು. ಆತ 2000ದಲ್ಲೇ ತೀರಿಕೊಂಡಿದ್ದ, ವಿಚಾರಣೆಯೇ ನಡೆಯಲಿಲ್ಲ. ಉತ್ತರದಲ್ಲಿ ಆತನನ್ನು ‘ಕೊಲೆಗಾರ’ ಎನ್ನಬೇಡಿ, ‘2020ರಲ್ಲಿ ಪ್ರಾಸಿಕ್ಯೂಟರ್ ಶಂಕಿಸಿದ ವ್ಯಕ್ತಿ’ ಎಂದೇ ಬರೆಯಿರಿ.