ಚಿನ್ನದ ಸರದ ಹಾಡು, ಖಾಲಿ ಜೇಬು

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ಅವಳಿಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್. ರೆಕಾರ್ಡ್ ಹಾಕಿದ್ದು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ತಾಳಕ್ಕೆ ಮಾತು ಜೋಡಿಸಿ ಹಾಡುವ ರ‍್ಯಾಪ್ ಬೆಳೆದ ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಇವತ್ತಿಗೂ ಆಚರಿಸುವುದು ಆ ದಿನವನ್ನೇ.

ರ‍್ಯಾಪ್‌ನಲ್ಲಿ ಬರೀ ದುಡ್ಡು, ಕಾರು, ಮೋಜು ಅಂತ ಬೇಸರಪಡುವವರು ಜಾಸ್ತಿ. ಅವರಿಗೆ ನಾನು ಈ ಟಿಕೆಟ್ಟಿನ ಕಥೆ ಹೇಳುತ್ತೇನೆ. ಆಗಿನ ಬ್ರಾಂಕ್ಸ್‌ನಲ್ಲಿ ಬೀದಿಗೆ ಬೀದಿಯೇ ಬೆಂಕಿಗೆ ಸಿಕ್ಕು ಹಾಳುಬಿದ್ದಿತ್ತು. ಕೆಲಸ ಸಿಗುತ್ತಿರಲಿಲ್ಲ. ಅಲ್ಲಿ ಬೆಳೆದ ಹುಡುಗರು ಮೈಕ್ ಹಿಡಿದಾಗ, ತಮ್ಮ ಹತ್ತಿರ ಇಲ್ಲದ್ದೆಲ್ಲ ಇದೆ ಅಂತಲೇ ಹಾಡಿದರು. ಅದು ಸಹಜ ಅಲ್ವಾ?

1979ರ ‘ರ‍್ಯಾಪರ್ಸ್ ಡಿಲೈಟ್’ ಹಾಡು ಈ ಸಂಗೀತವನ್ನು ದೇಶಕ್ಕೆಲ್ಲ ಕೇಳಿಸಿತು. ಅದರಲ್ಲಿ ದೊಡ್ಡ ಕಾರು, ಬಾಡಿಗಾರ್ಡ್, ಕಲರ್ ಟಿವಿ ಎಲ್ಲ ಇವೆ. ಆ ಸಾಲುಗಳು ಬ್ರಾಂಕ್ಸ್‌ನ ರ‍್ಯಾಪರ್ ಗ್ರ್ಯಾಂಡ್‌ಮಾಸ್ಟರ್ ಕಾಜ್ ಬರೆದವು. ಅವರ ನೋಟ್‌ಬುಕ್ಕಿನಿಂದ ಎತ್ತಿಕೊಂಡು ಹಾಡಿದ್ದು ಆ ಹಾಡಿನ ತಂಡದ ಬಿಗ್ ಬ್ಯಾಂಕ್ ಹ್ಯಾಂಕ್. ಕಾಜ್ ತಮ್ಮ ಅಡ್ಡಹೆಸರನ್ನು ಅಕ್ಷರ ಬಿಡಿಸಿ ಹೇಳುವ ಸಾಲು ಕೂಡ ಹಾಗೇ ಉಳಿದುಕೊಂಡಿದೆ. ಹಾಡು ಲಕ್ಷಗಟ್ಟಲೆ ಮಾರಿತು. ಕಾಜ್‌ಗೆ ಹೆಸರೂ ಬರಲಿಲ್ಲ, ಕಾಸೂ ಬರಲಿಲ್ಲ. ಆ ಕಲರ್ ಟಿವಿಯ ಸಾಲು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1986ರಲ್ಲಿ ರನ್-ಡಿಎಂಸಿ ತಂಡ ಅಡಿಡಾಸ್ ಶೂ ಮೇಲೆ ಹಾಡು ಕಟ್ಟಿತು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜನ ತಮ್ಮ ಶೂಗಳನ್ನೇ ಎತ್ತಿ ಹಿಡಿದರು. ಅದನ್ನು ಕಣ್ಣಾರೆ ಕಂಡ ಕಂಪನಿ ತಂಡದ ಜೊತೆ ಒಪ್ಪಂದ ಮಾಡಿಕೊಂಡಿತು. ಹಾಡಿನಲ್ಲಿ ಬ್ರಾಂಡ್ ಹೆಸರು ಹೇಳುವುದೂ ಆಮೇಲೆ ಸಂಪಾದನೆಯ ದಾರಿಯಾಯಿತು.

ಆಲ್ಬಂ ಮಾರಾಟದ ಲೆಕ್ಕವೇ ಬೇರೆ. ರೆಕಾರ್ಡ್ ಕಂಪನಿ ಮೊದಲು ಅಡ್ವಾನ್ಸ್ ಕೊಡುತ್ತದೆ. ಆ ಅಡ್ವಾನ್ಸ್, ರೆಕಾರ್ಡಿಂಗ್ ಖರ್ಚು, ವಿಡಿಯೊ ಖರ್ಚಿನ ಪಾಲು, ಎಲ್ಲವನ್ನೂ ಗಾಯಕರ ರಾಯಲ್ಟಿಯಲ್ಲೇ, ಅಂದರೆ ಮಾರಾಟದಲ್ಲಿ ಅವರಿಗೆ ಬರುವ ಪಾಲಿನಲ್ಲೇ, ಮುರಿದುಕೊಳ್ಳುತ್ತದೆ. ಉಳಿದದ್ದರಲ್ಲಿ ಮ್ಯಾನೇಜರ್, ವಕೀಲರು, ತೆರಿಗೆ. ಟಿಎಲ್‌ಸಿ ಎಂಬ ಮೂವರು ಹೆಣ್ಣುಮಕ್ಕಳ ತಂಡವನ್ನೇ ನೋಡಿ. 1994ರಲ್ಲಿ ಬಂದ ಅವರ ಎರಡನೇ ಆಲ್ಬಂ ಅಮೆರಿಕವೊಂದರಲ್ಲೇ ಒಂದು ಕೋಟಿ ಪ್ರತಿ ದಾಟಿತು. ಅದು ಭರ್ಜರಿಯಾಗಿ ಓಡುತ್ತಿದ್ದಾಗಲೇ, 1995ರಲ್ಲಿ, ಅವರು ದಿವಾಳಿ ಅರ್ಜಿ ಹಾಕಿದರು. 1996ರಲ್ಲಿ ಗ್ರ್ಯಾಮಿ ಗೆದ್ದ ರಾತ್ರಿ ಪತ್ರಕರ್ತರ ಮುಂದೆ ನಿಂತು, ನಮ್ಮ ಕೈಯಲ್ಲಿ ದುಡ್ಡೇ ಇಲ್ಲ ಅಂದರು. ಸ್ವಂತ ಖರ್ಚಿನಿಂದಲೇ ಮುಳುಗಿದವರೂ ಇದ್ದಾರೆ, ರ‍್ಯಾಪರ್ ಎಂಸಿ ಹ್ಯಾಮರ್ ಹಾಗೆ. ಆದರೆ ಎಲ್ಲರ ಕಥೆಯೂ ಅದಲ್ಲ.

ಚಿನ್ನ, ವಜ್ರ ಮಿನುಗಿಸುವ ಶೋಕಿಗೆ ಹೆಸರು ಕೊಟ್ಟಿದ್ದು 1999ರ ‘ಬ್ಲಿಂಗ್ ಬ್ಲಿಂಗ್’. ಅದನ್ನು ತಂದಿದ್ದು ನ್ಯೂ ಆರ್ಲಿಯನ್ಸ್‌ನ ಕ್ಯಾಶ್ ಮನಿ ಎಂಬ ರೆಕಾರ್ಡ್ ಕಂಪನಿ. ಪಲ್ಲವಿ ಹಾಡಿದ ಲಿಲ್ ವೇಯ್ನ್‌ಗೆ ಆಗ 16 ವರ್ಷ. 2015ರಲ್ಲಿ ಅವರು, ತಮಗೆ ಬರಬೇಕಾದ ದುಡ್ಡು ಬಂದಿಲ್ಲ ಅಂತ, ಅದೇ ಕಂಪನಿಯ ಮೇಲೆ 5.1 ಕೋಟಿ ಡಾಲರ್ ಕೇಳಿ ಕೇಸು ಹಾಕಿದರು. ರಾಜಿಯಾಗಿದ್ದು 2018ರಲ್ಲಿ. ಅಷ್ಟರಲ್ಲಿ ಅವರಿಗೆ 35 ಆಗಿತ್ತು.