ಎರಡು ವಾರದ ಸ್ಪ್ರಿಂಟ್‌ಗೆ ಸಿಗದ ಬಗ್

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು ಬಾಕ್ಸ್ ಲೆಕ್ಕದಲ್ಲಿ. ಬಾಕ್ಸ್‌ಗೆ ಸುಮಾರು 15 ಕಿಲೊ. ಅಲ್ಲಿನ ಮಂಡಿಯೊಂದಕ್ಕೆ ಬಿಲ್ಲಿಂಗ್ ಆ್ಯಪ್ ಮಾಡುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಸ್ಪ್ರಿಂಟ್ ಎಂಬ ಸಣ್ಣ ಅವಧಿಗಳಲ್ಲಿ (ಇಲ್ಲಿ ಎರಡು ವಾರ) ಸಾಫ್ಟ್‌ವೇರನ್ನು ಕಂತು ಕಂತಾಗಿ ಕಟ್ಟುವ ಅಜೈಲ್ ತಂಡ ಕೆಲಸವನ್ನು ಸ್ಟೋರಿಗಳೆಂಬ ಸಣ್ಣ ತುಂಡುಗಳಾಗಿ ಒಡೆಯುತ್ತದೆ: ಬಿಲ್ ಬರೆಯುವುದು ಒಂದು, ಸಿಗ್ನಲ್ ಇಲ್ಲದಾಗ ಫೋನಿನಲ್ಲೇ ಉಳಿಸುವುದು ಇನ್ನೊಂದು, ಸಿಗ್ನಲ್ ಬಂದಾಗ ಸರ್ವರ್‌ಗೆ ಕಳಿಸುವುದು ಮತ್ತೊಂದು. ಟೆಸ್ಟಿಂಗ್‌ನಲ್ಲಿ ಮೂರೂ ಪಾಸು. ಆದರೂ ಒಂದು ಬಗ್ (ದೋಷ) ಉಳಿದು, ರೈತರೊಬ್ಬರ 40 ಬಾಕ್ಸ್ ಲೆಕ್ಕದಲ್ಲಿ 80 ಆಗಬಹುದು.

ಆಗುವುದು ಹೀಗೆ. ಬಿಲ್ ಸರ್ವರ್ ತಲುಪಿ ದಾಖಲಾಗುತ್ತದೆ. ‘ಬಂತು’ ಎಂಬ ಉತ್ತರ ಫೋನ್ ಮುಟ್ಟುವ ಮೊದಲೇ ಸಿಗ್ನಲ್ ಹೋಗುತ್ತದೆ. ಫೋನ್ ಅದೇ ಬಿಲ್ಲನ್ನು ಮತ್ತೆ ಕಳಿಸುತ್ತದೆ; ಸರ್ವರ್ ಪಾಲಿಗೆ ಅದು ಹೊಸ ಬಿಲ್. ಬಿಲ್ ಬರೆದ ಕ್ಷಣದಲ್ಲೇ ಫೋನ್ ಅದಕ್ಕೊಂದು ಬೇರಾವ ಬಿಲ್ಲಿಗೂ ಇಲ್ಲದ ಗುರುತು ಸಂಖ್ಯೆ ಕೊಟ್ಟು, ಆ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ದಾಖಲಿಸದೆ ಹಳೆಯ ಉತ್ತರವನ್ನೇ ಮರಳಿಸಿದರೆ ತೊಂದರೆ ತಪ್ಪುತ್ತದೆ. ಪರೀಕ್ಷಿಸಲು ಏರ್‌ಪ್ಲೇನ್ ಮೋಡ್ ಸಾಲದು, ಅದು ಕಳಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಫೋನ್ ಮತ್ತು ಸರ್ವರ್ ನಡುವೆ ಸಂದೇಶ ದಾಟಿಸುವ ಪ್ರಾಕ್ಸಿ ಎಂಬ ಪ್ರೋಗ್ರಾಂ ಇಟ್ಟು, ಬಿಲ್ ಹೋಗಲು ಬಿಟ್ಟು, ಉತ್ತರವನ್ನು ಮಾತ್ರ ತಡೆಯಬೇಕು.

ಈ ಪರೀಕ್ಷೆ ಯಾವ ಸ್ಟೋರಿಗೆ ಸೇರಿದ್ದು? ಯಾವುದಕ್ಕೂ ಅಲ್ಲ. ತೊಡಕು ಇರುವುದೇ ಅಲ್ಲಿ.

ಎಲ್ಲವನ್ನೂ ಬೆರೆಸಿ ನೋಡೋಣವೆಂದರೆ, ‘ಸಿಗ್ನಲ್ ಇದೆಯೇ’ ಎಂಬಂಥ, ಹೌದು–ಇಲ್ಲ ಉತ್ತರದ 10 ಆಯ್ಕೆಗಳಿಗೇ 1,024 ಸಂಯೋಜನೆಗಳು. ಯಾವ ಎರಡು ಆಯ್ಕೆಗಳನ್ನು ತೆಗೆದುಕೊಂಡರೂ ಅವುಗಳ ನಾಲ್ಕೂ ಜೋಡಿಗಳು (ಹೌದು–ಹೌದು, ಹೌದು–ಇಲ್ಲ, ಇಲ್ಲ–ಹೌದು, ಇಲ್ಲ–ಇಲ್ಲ) ಒಮ್ಮೆಯಾದರೂ ಬಂದರೆ ಸಾಕೆನ್ನುವ ಪೇರ್‌ವೈಸ್ ವಿಧಾನದಲ್ಲಿ ಬರೀ 6 ಪರೀಕ್ಷೆಗಳು ಸಾಕು! ಸೊಗಸಾದ ಗಣಿತವೇ ಸರಿ. ಆದರೆ ಮೂರು ಸಂಗತಿ ಕೂಡಿದಾಗಷ್ಟೇ ಕಾಣುವ ಬಗ್ ಅದರ ಕಣ್ಣಿಗೂ ತಪ್ಪಬಹುದು.

ಇನ್ನು ಹಳೆಯದು ಕೆಟ್ಟಿಲ್ಲವೇ ಎಂದು ನೋಡುವ ರಿಗ್ರೆಷನ್. ಸ್ಪ್ರಿಂಟ್‌ಗೆ 20 ಪರೀಕ್ಷೆಗಳಂತೆ ಸೇರುತ್ತಾ ಹೋದರೆ 15 ಸ್ಪ್ರಿಂಟ್‌ಗೆ 300. ಕೈಯಿಂದ ಮಾಡಲು ತಲಾ 10 ನಿಮಿಷವಾದರೂ 50 ಗಂಟೆ. ಎರಡು ವಾರದಲ್ಲಿ ಒಬ್ಬ ಟೆಸ್ಟರ್‌ಗೆ ಇರುವುದೇ 80 ಗಂಟೆ. ಸಾಮಾನ್ಯವಾಗಿ ಕೋಡ್ ಕೈಗೆ ಬರುವುದು ಕೊನೆಯ ಎರಡು ದಿನಗಳಲ್ಲಿ, ಆಗ ‘ಹಳೆಯದು ಬಿಡಿ, ಹೊಸದನ್ನು ನೋಡಿ’ ಎನ್ನುತ್ತಾರೆ. ಅಜೈಲ್ ತತ್ವಗಳನ್ನು ಸಾರಿದ 2001ರ ಅಜೈಲ್ ಪ್ರಣಾಳಿಕೆ ಹೀಗೆ ಮಾಡಿ ಎಂದೇನೂ ಹೇಳಿಲ್ಲ. ಡೆಮೊದಲ್ಲಿ ತೋರಿಸಲಾಗದ ಕೆಲಸಕ್ಕೆ ಬೆಲೆ ಕಟ್ಟದ ನಮ್ಮ ರೂಢಿ ಹೇಳಿಸುತ್ತದೆ.

ಹಾಗಾಗಿ ಪುನರಾವರ್ತನೆಯ ಪರೀಕ್ಷೆಗಳನ್ನು ಮೊದಲ ಸ್ಪ್ರಿಂಟ್‌ನಿಂದಲೇ ಯಂತ್ರಕ್ಕೆ ಒಪ್ಪಿಸಬೇಕು. ಸ್ಟೋರಿಗಳ ನಡುವಿನ ಜಾಗ ತಡಕಲು ಟೆಸ್ಟರ್‌ಗೆ ಪ್ರತ್ಯೇಕ ಸಮಯ ಬೇಕು. ಮಂಡಿಯ ಆ್ಯಪ್‌ಗಾದರೆ ಇನ್ನೊಂದು: ದಿನದ ವಹಿವಾಟು ಮುಗಿದ ಮೇಲೆ ಫೋನುಗಳಲ್ಲಿನ ಬಾಕ್ಸ್ ಸಂಖ್ಯೆಯನ್ನೂ ಸರ್ವರ್‌ನ ಸಂಖ್ಯೆಯನ್ನೂ ತಾಳೆ ನೋಡಿ, ಒಂದು ಬಾಕ್ಸ್ ಹೆಚ್ಚುಕಮ್ಮಿಯಾದರೂ ಹಣ ಪಾವತಿ ತಡೆಹಿಡಿಯುವ ಪ್ರೋಗ್ರಾಂ.