ಚಳಿಗಾಲದ ಒಳಾಂಗಣ ಹೂಗಿಡಗಳು: ನೀರಿಗೆ ಮೊದಲು ಬೆಳಕಿನ ಲೆಕ್ಕ

ಚಳಿಗಾಲದಲ್ಲಿ ಕುಂಡದ ಗಿಡದ ಎಲೆ ಹಳದಿಯಾದರೆ ನಮ್ಮ ಕೈ ತಾನಾಗಿಯೇ ನೀರಿನ ಚೊಂಬಿನ ಕಡೆ ಹೋಗುತ್ತದೆ. ಆ ಕೈಯನ್ನು ಸ್ವಲ್ಪ ಹೊತ್ತು ತಡೆಯಲೆಂದೇ ಈ ಟಿಪ್ಪಣಿ. ನನ್ನ ಮೊದಲ ಆಫ್ರಿಕನ್ ವಯಲೆಟ್ ಚಳಿ ತಾಳದೆ ಸತ್ತಿತೆಂದು ಬಹಳ ದಿನ ನಂಬಿದ್ದೆ. ಕೊನೆಗೆ ಕುಂಡ ಮಗುಚಿದಾಗ ಬೇರುಗಳು ಕಂದಾಗಿ, ಮುಟ್ಟಿದರೆ ಸಿಪ್ಪೆ ಕಳಚುವಷ್ಟು ಮೆತ್ತಗಾಗಿದ್ದವು. ಚಳಿಯ ಮೇಲೆ ಹೊರಿಸಿದ್ದ ಅಪವಾದ ನನ್ನ ಚೊಂಬಿಗೆ ಸೇರಬೇಕಾದದ್ದು.

ಎಲ್ಲವೂ ಬೆಳಕಿನಿಂದ ಶುರುವಾಗುತ್ತದೆ. ಹಗಲು ಮೊಟಕಾದಾಗ, ಸೂರ್ಯ ಆಕಾಶದಲ್ಲಿ ತಗ್ಗಿ ಸಾಗಿದಾಗ ದ್ಯುತಿಸಂಶ್ಲೇಷಣೆ ಇಳಿಯುತ್ತದೆ. ಗಿಡ ನಿಧಾನವಾಗಿ ಬೆಳೆಯುತ್ತದೆ, ಎಲೆಗಳಿಂದ ಆವಿಯಾಗುವ ನೀರೂ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಮೂರು ದಿನಕ್ಕೆ ಒಣಗುತ್ತಿದ್ದ ಕುಂಡ ಈಗ ಹತ್ತು ದಿನವಾದರೂ ಒದ್ದೆಯಾಗಿರಬಹುದು. ಹಳೆಯ ಲೆಕ್ಕದಲ್ಲೇ ನೀರು ಸುರಿದರೆ ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕಾದ ಜಾಗವನ್ನೆಲ್ಲ ನೀರು ತುಂಬುತ್ತದೆ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಅದು ಸಿಗದೆ ಬೇರು ಸೊರಗಿದಾಗ ಪಿಥಿಯಂನಂಥ ರೋಗಾಣುಗಳು ಒಳಹೊಕ್ಕು ಕೊಳೆಸುತ್ತವೆ. ಬೇರು ಸತ್ತ ಗಿಡ ನೀರು ಹೀರಲಾರದೆ ಒದ್ದೆ ಮಣ್ಣಿನಲ್ಲಿ ನಿಂತೇ ಬಾಡುತ್ತದೆ. ನಾವು ಬಾಯಾರಿಕೆ ಎಂದುಕೊಂಡು ಮತ್ತೆ ನೀರು ಹಾಕುತ್ತೇವೆ.

ಆದ್ದರಿಂದ "ವಾರಕ್ಕೆ ಎಷ್ಟು ಸಲ ನೀರು?" ಎಂಬ ಪ್ರಶ್ನೆಗೆ ಉತ್ತರವಿಲ್ಲ. ಮಣ್ಣಿಗೆ ಬೆರಳನ್ನು ಎರಡು ಸೆಂಟಿಮೀಟರ್ ಇಳಿಸಿ ನೋಡಬೇಕು, ಇಲ್ಲವೇ ಕುಂಡವನ್ನು ಎತ್ತಿ ತೂಕ ಅಂದಾಜು ಮಾಡಬೇಕು. ಒಣ ಕುಂಡ ಎಷ್ಟು ಹಗುರವೆಂದು ಕೈಗೆ ಒಮ್ಮೆ ಅಭ್ಯಾಸವಾದರೆ ಬೆರಳಿನ ಪರೀಕ್ಷೆಯೂ ಬೇಡ. ಹಾಕುವಾಗ ಪೂರ್ತಿ ನೆನೆಯುವಂತೆ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಬೇಕು. ನೀರು ಕೋಣೆಯಷ್ಟೇ ಬೆಚ್ಚಗಿರಲಿ. ಆಫ್ರಿಕನ್ ವಯಲೆಟ್‌ನ ಎಲೆಯ ಮೇಲೆ ತಣ್ಣೀರು ಬಿದ್ದರೆ ಉಂಗುರದಂಥ ಕಲೆ ಉಳಿದುಬಿಡುತ್ತದೆ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಮಂದ ಬೆಳಕಿಗೆ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುತ್ತದೆ, ಎಲೆಗೆ ಆ ಸೌಕರ್ಯವಿಲ್ಲ. ಕಿಟಕಿಯಿಂದ ಒಂದೆರಡು ಮೀಟರ್ ಒಳಗೆ ಸರಿದರೂ ಬೆಳಕು ಬಹುಪಾಲು ಕುಸಿದಿರುತ್ತದೆ. ಗೆಣ್ಣುಗಳ ನಡುವೆ ಅಂತರ ಹೆಚ್ಚಿ ಕಾಂಡ ಸಣಕಲಾಗಿ ಕಿಟಕಿಯ ಕಡೆ ವಾಲುತ್ತಿದ್ದರೆ ಗಿಡವನ್ನು ಕಿಟಕಿಗೆ ಹತ್ತಿರ ತರಬೇಕು, ಆದರೆ ಎಲೆ ತಣ್ಣನೆಯ ಗಾಜಿಗೆ ತಾಗಬಾರದು. ಉಷ್ಣವಲಯದ ಬಹಳಷ್ಟು ಗಿಡಗಳಿಗೆ ಹಿಮಗಟ್ಟುವಷ್ಟು ಚಳಿಯೇ ಬೇಕಿಲ್ಲ, 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅವುಗಳ ಜೀವಕೋಶಗಳಿಗೆ ಪೆಟ್ಟಾಗುತ್ತದೆ. ಬೆಳಕು ಸಾಲದಿದ್ದರೆ ಎಲ್ಇಡಿ ದೀಪವನ್ನು ದಿನಕ್ಕೆ 12ರಿಂದ 14 ಗಂಟೆ ಉರಿಸಬಹುದು. ಆದರೆ ಕೆಲವು ಗಿಡಗಳಿಗೆ ಇದೇ ಉಪಚಾರ ಹೂವನ್ನು ತಪ್ಪಿಸುತ್ತದೆ.

ಇಡೀ ಪಾಠದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಒಂದು ಹೊಗೆಸೊಪ್ಪಿನ ತಳಿಯ ಬಗ್ಗೆ ಬರೆದರು. ಬೇಸಿಗೆಯಿಡೀ ಎತ್ತರಕ್ಕೆ ಬೆಳೆದರೂ ಹೂ ಬಿಡದ ಆ ತಳಿ, ಹಗಲನ್ನು ಕೃತಕವಾಗಿ ಮೊಟಕುಗೊಳಿಸಿದಾಗ ಹೂ ಬಿಟ್ಟಿತು. ಹಗಲಿನ ಉದ್ದ ನೋಡಿ ಹೂ ಬಿಡುವ ಈ ಗುಣಕ್ಕೆ ಫೋಟೋಪೀರಿಯಾಡಿಸಂ ಎಂಬ ಹೆಸರು ಬಂತು. ಗಿಡ ನಿಜಕ್ಕೂ ಅಳೆಯುವುದು ಇರುಳನ್ನು ಎಂದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಒಂದು ಕಳೆಗಿಡದ ಮೇಲೆ ಪ್ರಯೋಗ ಮಾಡಿ ತೋರಿಸಿದರು: ದೀರ್ಘ ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಹೂ ಬರಲಿಲ್ಲ. ಎಲೆಯೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕು ಬಿತ್ತೇ ಇಲ್ಲವೇ ಎಂಬುದನ್ನು ಗುರುತಿಸುತ್ತದೆ. ಪಾಯಿನ್ಸೆಟಿಯಾ, ಕಲಂಚೋ, ಕ್ರಿಸ್ಮಸ್ ಕಳ್ಳಿ, ನಮ್ಮ ಸೇವಂತಿಗೆ ಇವೆಲ್ಲ ದೀರ್ಘ ಇರುಳಿನ ಪಂಗಡದವು. ಪಠ್ಯಗಳು ಇವನ್ನು "ಕಿರುಹಗಲಿನ ಸಸ್ಯಗಳು" ಎಂದು ಕರೆಯುತ್ತವೆ. ಪ್ರಯೋಗ ಹೇಳುವುದು ಇರುಳಿನ ಕಥೆಯನ್ನಾದ್ದರಿಂದ ಈ ಹೆಸರು ಕಲಿಯುವವರನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ತಕರಾರು.

ಪಾಯಿನ್ಸೆಟಿಯಾ ಬಣ್ಣ ಪಡೆಯಲು ಸುಮಾರು ಎರಡು ತಿಂಗಳ ಕಾಲ ಪ್ರತಿ ರಾತ್ರಿ 14 ಗಂಟೆ ಅಖಂಡ ಕತ್ತಲೆ ಬೇಕು. ರಾತ್ರಿ ಹನ್ನೊಂದಕ್ಕೆ ಯಾರೋ ಬಂದು ದೀಪ ಹಾಕಿದರೆ ಲೆಕ್ಕ ಕೆಡುತ್ತದೆ, ಹಾಗಾಗಿ ಸಂಜೆ ರಟ್ಟಿನ ಪೆಟ್ಟಿಗೆ ಮುಚ್ಚಿ ಬೆಳಿಗ್ಗೆ ತೆಗೆಯುವುದು ಸುಲಭ. ಅಂದಹಾಗೆ, ಅದರಲ್ಲಿ ಕೆಂಪಗೆ ಕಾಣುವುದು ಎಲೆ. ನಡುವೆ ಹಳದಿಯಾಗಿ ಗುಂಪುಗೂಡಿರುವ ಪುಟ್ಟ ಗುಬುಟುಗಳಲ್ಲಿ ನಿಜವಾದ ಹೂಗಳಿವೆ. ಕ್ರಿಸ್ಮಸ್ ಕಳ್ಳಿಯ ತವರು ಆಗ್ನೇಯ ಬ್ರೆಜಿಲ್‌ನ ತೇವದ ಬೆಟ್ಟಗಳು, ಅಲ್ಲಿ ಅದು ಮರಗಳ ಮೇಲೂ ಬಂಡೆಗಳ ಸಂದಿಯಲ್ಲೂ ಬೆಳೆಯುತ್ತದೆ. ಹೆಸರಿನಲ್ಲಿ ಕಳ್ಳಿ ಇದೆಯೆಂದು ತಿಂಗಳುಗಟ್ಟಲೆ ಒಣಗಿಸಬಾರದು. ಮೊಗ್ಗು ಕಟ್ಟಿದ ಮೇಲೆ ಜಾಗ ಬದಲಿಸಿದರೆ ಅದು ಮೊಗ್ಗುಗಳನ್ನು ಉದುರಿಸಿಬಿಡುತ್ತದೆ. ಮಾಗಿದ ಬಾಳೆಹಣ್ಣು, ಸೇಬುಗಳ ಬುಟ್ಟಿಯನ್ನೂ ಮೊಗ್ಗಿನ ಗಿಡಗಳಿಂದ ದೂರ ಇಡಿ. ಅವು ಬಿಡುವ ಎಥಿಲೀನ್ ಅನಿಲವೂ ಮೊಗ್ಗು ಉದುರಿಸುತ್ತದೆ.

ಸೈಕ್ಲಮೆನ್ ಈ ಪಾಠದ ಹಟಮಾರಿ ವಿದ್ಯಾರ್ಥಿ. ಮೆಡಿಟರೇನಿಯನ್ ಸೀಮೆಯ ಈ ಗಿಡ ಒಣ ಬೇಸಿಗೆಯಲ್ಲಿ ಗಡ್ಡೆಯೊಳಗೆ ಮಲಗಿ, ತಂಪು ಬಂದಾಗ ಎಚ್ಚರಗೊಳ್ಳುತ್ತದೆ. ಚಳಿಗಾಲ ಅದಕ್ಕೆ ದುಡಿಮೆಯ ಕಾಲ. 10ರಿಂದ 16 ಡಿಗ್ರಿಯ ತಂಪು ಕೋಣೆ ಅದಕ್ಕೆ ಹಿತ, ಬಿಸಿ ಕೋಣೆಯಲ್ಲಿ ಬೇಗ ಹಳದಿಯಾಗುತ್ತದೆ. ಗಡ್ಡೆಯ ತಲೆ ಒದ್ದೆಯಾದರೆ ಕೊಳೆಯುವುದರಿಂದ ತಟ್ಟೆಗೆ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಮಿಕ್ಕದ್ದನ್ನು ಚೆಲ್ಲಿ. ಫ್ಯಾಲೆನಾಪ್ಸಿಸ್ ಆರ್ಕಿಡ್‌ಗೂ ಹೂದಂಟು ಹೊರಡಿಸಲು ಕೆಲವು ವಾರ ರಾತ್ರಿಯ ತಂಪು ಬೇಕು. ಅದರ ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಬಾಯಾರಿದೆ ಎಂದರ್ಥ, ಹಸಿರಾಗಿದ್ದರೆ ಸುಮ್ಮನಿರಬೇಕು. ಎಲ್ಲ ಗಿಡಗಳೂ ಇಷ್ಟು ಸ್ಪಷ್ಟವಾಗಿ ಮಾತಾಡಿದ್ದರೆ!

ಹೀಟರ್ ಉರಿಯುವ ಕೋಣೆಯಲ್ಲಿ ಇನ್ನೊಂದು ತೊಂದರೆಯಿದೆ. ಶೂನ್ಯ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 4.8 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ, 20 ಡಿಗ್ರಿಯಲ್ಲಿ 17 ಗ್ರಾಂಗಿಂತ ಹೆಚ್ಚು. ಹೊರಗಿನ ತಣ್ಣನೆಯ ಗಾಳಿ ಒಳಗೆ ಬಂದು ಬಿಸಿಯಾದಾಗ ನೀರಾವಿ ಅಷ್ಟೇ ಇರುತ್ತದೆ, ಹಿಡಿಯುವ ಶಕ್ತಿ ಮಾತ್ರ ಬೆಳೆಯುತ್ತದೆ. ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, ಅಂದರೆ ಸಾಪೇಕ್ಷ ಆರ್ದ್ರತೆ, ಶೇ. 30ಕ್ಕಿಂತ ಕೆಳಗಿಳಿದು ಎಲೆಯ ಅಂಚು ಕಂದಾಗುವುದು, ಮೊಗ್ಗು ಅರಳದೆ ಒಣಗುವುದು ಇದರಿಂದಲೇ. ಎಲೆಗಳ ಮೇಲೆ ನೀರು ಸಿಂಪಡಿಸುವುದು ಜನಪ್ರಿಯ ಸಲಹೆ, ಆದರೆ ಅದರ ಫಲ ಕೆಲವು ನಿಮಿಷಕ್ಕೆ ಮುಗಿಯುತ್ತದೆ. ಗಿಡಗಳನ್ನು ಒತ್ತೊತ್ತಾಗಿ ಜೋಡಿಸುವುದು ಸ್ವಲ್ಪ ಮೇಲು, ಹ್ಯುಮಿಡಿಫೈಯರ್ ಇದ್ದರೆ ಇನ್ನೂ ಮೇಲು. ಒಣ ಗಾಳಿ ಜೇಡ ನುಸಿಗೂ ಹಬ್ಬ. ವಾರಕ್ಕೊಮ್ಮೆ ಎಲೆಯ ತಳಭಾಗ ನೋಡಿ: ಚುಕ್ಕೆ, ತೆಳುವಾದ ಬಲೆ ಕಂಡರೆ ಆ ಕುಂಡವನ್ನು ಬೇರೆ ಇಟ್ಟು ಎಲೆಗಳನ್ನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ವಯಲೆಟ್‌ನ ರೋಮದ ಎಲೆಗಾದರೆ ಉಗುರುಬೆಚ್ಚಗಿನ ನೀರೇ ಆಗಬೇಕು.

ಬೆಳವಣಿಗೆ ನಿಂತ ಗಿಡಕ್ಕೆ ಗೊಬ್ಬರ ಬೇಡ. ಬೇರು ಹೀರದ ಲವಣ ಮಣ್ಣಿನ ಮೇಲೆ ಬಿಳಿ ಹಕ್ಕಳೆಯಾಗಿ ಕೂರುತ್ತದೆ. ಹಗಲು ಮತ್ತೆ ಉದ್ದವಾಗಿ ಹೊಸ ಚಿಗುರು ಕಂಡ ಮೇಲೆ, ಪೊಟ್ಟಣದ ಮೇಲೆ ಬರೆದ ಅಳತೆಯ ಅರ್ಧದಿಂದ ಶುರು ಮಾಡಿದರಾಯಿತು. ಕುಂಡ ಬದಲಿಸುವ ಕೆಲಸವನ್ನೂ ಅಲ್ಲಿಯವರೆಗೆ ಮುಂದಕ್ಕೆ ಹಾಕಿ.